ನಮ್ಮನೆಯವರ ರೈಲಿನ ಕನಸು

ನಮ್ಮನೆಯವರಿಗೆ ಆ ಕನಸು ಮೊದಲ ಸಲ ಬಿದ್ದಾಗ ಮಗಳು ಒಂದನೇ ಕ್ಲಾಸಿನಲ್ಲಿದ್ದಳು. ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ಇವರು ಬಂದು ಅಡುಗೆಮನೆ ಬಾಗಿಲಿಗೆ ಒರಗಿ ನಿಂತರು. ಕೊಟ್ಟ ಟೀ ಕೈಯಲ್ಲೇ ಕೆನೆಗಟ್ಟಿತು, ಒಂದು ಗುಟುಕೂ ಕುಡಿಯಲಿಲ್ಲ.

"ಪಾಪ ಎದ್ದವ್ಳಾ?" ಎಂದು ಕೇಳಿದರು.

"ಮಲಗಿದ್ದಾಳೆ. ನಿಮ್ಮ ಪಕ್ಕದಲ್ಲೇ ಇದ್ದಳಲ್ಲ?"

"ಇದ್ಲು. ನೋಡ್ಕೊಂಡೇ ಬಂದೆ" ಎಂದರು. ಆಮೇಲೆ ಇನ್ನೊಂದು ಸಲ ಹೋಗಿ ನೋಡಿಕೊಂಡು ಬಂದರು.

ಇವರದು ಮಾತು ಕಡಿಮೆ. ಕೋಲಾರದ ಚಿನ್ನದ ಗಣಿ ಊರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಾರೆ. ಶೆಡ್ಡಿನ ಮಾಡಿನ ಕೆಳಗೆ, ಪೆಟ್ಟಿಗೆಯಂಥ ಒಂದು ಕ್ಯಾಬಿನ್ನಿನಲ್ಲಿ ಕೂತು, ಟನ್‌ಗಟ್ಟಲೆ ಕಬ್ಬಿಣವನ್ನು ಹೂವಿನ ಹಾಗೆ ಎತ್ತಿ ಇಳಿಸುವ ಕೆಲಸ. ಮನೆಯಲ್ಲೂ ಹಾಗೇ. ಹಾಲಿನ ಪಾತ್ರೆ ಇಟ್ಟರೆ ಸದ್ದಾಗುವುದಿಲ್ಲ. ಮದುವೆಯಾಗಿ ತುಮಕೂರು ಕಡೆಯಿಂದ ಬಂದ ನನಗೆ, ಮೊದಲ ವರ್ಷವೆಲ್ಲ ಇವರು ಮನೆಯಲ್ಲಿ ಇದ್ದಾರೋ ಇಲ್ಲವೋ ಎಂದು ಕೋಣೆಗೆ ಇಣುಕಿ ನೋಡುವುದೇ ಆಗಿತ್ತು. ಅಂಥವರು ಅವತ್ತು ನಿಂತಲ್ಲೇ ಕನಸನ್ನು ಪೂರ್ತಿ ಹೇಳಿದರು.

ಬಂಗಾರಪೇಟೆ ಸ್ಟೇಷನ್ನು. ಅಪ್ಪ ಮಗಳು ಇಬ್ಬರೇ ರೈಲಿನಲ್ಲಿ ಕೂತಿದ್ದಾರೆ. ಅವಳಿಗೆ ಬಾಯಾರಿಕೆ. ಇವರು ಬಾಟಲಿ ಹಿಡಿದು ನಲ್ಲಿಯ ಹತ್ತಿರ ಇಳಿಯುತ್ತಾರೆ. ಬಾಟಲಿ ತುಂಬುವುದೇ ಇಲ್ಲ. ತಿರುಗಿ ನೋಡಿದರೆ ಗಾಡಿ ಹೊರಟಿದೆ. ಓಡಬೇಕು, ಕಾಲು ಕೆರೆಯ ಕೆಸರಿನಲ್ಲಿ ಹೂತ ಹಾಗೆ ಮೇಲೇಳುವುದಿಲ್ಲ. ಮಗಳು ಕಿಟಕಿಯಲ್ಲಿ ಕೂತಿದ್ದಾಳೆ.

"ಅಳ್ತಾ ಇದ್ಲಾ?" ಎಂದು ಕೇಳಿದೆ.

"ಇಲ್ಲ ಕಣೇ. ಅದೇ ನಂಗೆ ತಡ್ಕೊಳ್ಳಾಕ್ಕಾಗ್ಲಿಲ್ಲ. ನಗ್ತಾ ಟಾಟಾ ಮಾಡ್ತಾವ್ಳೆ. ಅವ್ಳಿಗೆ ಗೊತ್ತೇ ಇಲ್ಲ, ನಾನು ಗಾಡಿ ಅತ್ತಿಲ್ಲ ಅಂತ."

ಒಂದು ಕನಸು ತಾನೇ ಎಂದುಕೊಂಡೆ. ಮುಂದಿನ ವಾರ ಮತ್ತೆ ಬಿತ್ತು. ಆಮೇಲೆ ತಿಂಗಳಿಗೆ ಎರಡು ಮೂರು ಸಲ. ಅದೇ ಸ್ಟೇಷನ್ನು, ಅದೇ ನಲ್ಲಿ, ಅದೇ ನಗು. ಬೆಳಿಗ್ಗೆ ಮುಖ ನೋಡಿದರೇ ನನಗೆ ತಿಳಿಯುತ್ತಿತ್ತು. ಅಂಥ ದಿನ ಇವರು ಮಗಳ ಹಿಂದೆ ಹಿಂದೆಯೇ ಸುತ್ತುವರು. ಅವಳು ಹಲ್ಲುಜ್ಜುವಾಗ ಬಚ್ಚಲ ಬಾಗಿಲಲ್ಲಿ ನಿಲ್ಲುವರು. ಅವಳ ಸ್ಕೂಲಿಗೆ ಬೆಳಗಿನ ಪ್ರಾರ್ಥನೆ ಮುಗಿಯುವ ಮೊದಲೇ ಫೋನು. "ನಮ್ ಪಾಪ ಕ್ಲಾಸ್ನಾಗೆ ಅವ್ಳಾ, ರವಷ್ಟು ನೋಡಿ ಏಳ್ತೀರಾ ಮೇಡಂ" ಎಂದು. ಅವಳ ಟೀಚರು ಒಳ್ಳೆಯವರು. ನಾನೂ ಬಂಗಾರಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ಎಂಬ ಸಲುಗೆಯಿಂದ ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು, "ಮನೇಲಿ ಏನಾದ್ರೂ ತೊಂದರೆನಾ?" ಎಂದು ಮೆಲ್ಲಗೆ ಕೇಳಿದರು. ಏನು ಹೇಳುವುದು? ಇಲ್ಲ ಮೇಡಂ, ಅವರಪ್ಪನಿಗೆ ಕನಸು ಬೀಳುತ್ತೆ ಎಂದೆ. ಅವರು ನಗಬಹುದು ಎಂದುಕೊಂಡಿದ್ದೆ, ನಗಲಿಲ್ಲ.

ಒಂದು ಭಾನುವಾರ ಇವರು ಮಗಳ ಯೂನಿಫಾರ್ಮುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಟೈಲರ್ ಅಂಗಡಿಗೆ ಹೋದರು. ಲಂಗದ ಮಡಿಕೆಯ ಒಳಗೆ ನಮ್ಮಿಬ್ಬರ ಫೋನ್ ನಂಬರನ್ನು ಕೆಂಪು ದಾರದಲ್ಲಿ ಹೊಲಿಸಿಕೊಂಡು ಬಂದರು. ಮಗಳು ಅದನ್ನು ಸ್ಕೂಲಿನಲ್ಲಿ ಗೆಳತಿಯರಿಗೆ ತೋರಿಸಿದಳಂತೆ. ಅವರಲ್ಲಿ ಇಬ್ಬರು ತಮಗೂ ಹಾಗೆ ಬೇಕೆಂದು ಮನೆಯಲ್ಲಿ ಹಟ ಮಾಡಿದರಂತೆ. ಅದರಿಂದ ಇವರಿಗೆ ಎಷ್ಟು ಸಮಾಧಾನವಾಯಿತೆಂದರೆ, ಮುಂದಿನ ಸಲ ಸಾಕ್ಸಿಗೂ ಹೊಲಿಸುವ ಮಾತಾಡಿದರು.

ಅತ್ತೆ ನಮ್ಮ ಜೊತೆಗೇ ಇದ್ದಾರೆ. ಉರಿಗಾಂನಲ್ಲಿ ನಾವಿರುವುದು ಗಣಿ ನಡೆಯುತ್ತಿದ್ದ ಕಾಲದ ಹಳೇ ಮನೆ. ತಗಡಿನ ಮಾಡು, ಮುಂದೆ ಒಂದು ಸಣ್ಣ ಅಂಗಳ. ಗಾಳಿ ಎದ್ದರೆ, ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಬೂದಿಯಂಥ ಮಣ್ಣು ಒಣಹಾಕಿದ ಬಟ್ಟೆಯ ಮೇಲೆಲ್ಲ ಕೂರುತ್ತದೆ. ಅತ್ತೆ ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಬರುವಾಗ ಒಂದು ಟ್ರಂಕು, ಎರಡು ಕೋಳಿ ಮತ್ತು ಎಲ್ಲ ಕಾಯಿಲೆಗೂ ಒಂದೊಂದು ಮದ್ದನ್ನು ತಂದಿದ್ದರು. ಮಗನ ಕನಸಿನ ವಿಷಯ ಕಿವಿಗೆ ಬಿದ್ದ ದಿನವೇ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದೆವು. ಕನಸು ನಿಲ್ಲಲಿಲ್ಲ.

"ತಲೆದಿಂಬಿನ ಕೆಳ್ಗೆ ಕಬ್ಬುಣ ಇಡ್ಬೇಕು ಕಣ್ಲಾ" ಎಂದು ಟ್ರಂಕಿನ ತಳದಿಂದ ಒಂದು ಕುಡುಗೋಲು ತೆಗೆದರು.

"ಅತ್ತೆ, ಕನಸಿನಿಂದ ಏನೂ ಆಗದೇ ಇದ್ರೂ ಇದರಿಂದ ಕತ್ತು ಕೊಯ್ದುಕೊಳ್ತಾರೆ" ಎಂದೆ.

ಅವರು ಕುಡುಗೋಲನ್ನು ಟ್ರಂಕಿಗೆ ವಾಪಸ್ಸು ಹಾಕಿದರು. "ಕಬ್ಬುಣ ಅಂದ್ರೆ ಕಬ್ಬುಣ. ಸಣ್ಣದಾದ್ರೂ ಆಯ್ತದೆ" ಎಂದರು. ಕೊನೆಗೆ ಉಗುರು ಕತ್ತರಿಸುವ ಕಟರ್ ಒಂದನ್ನು ದಿಂಬಿನ ಕೆಳಗೆ ಇಡುವುದೆಂದಾಯಿತು. ಎಷ್ಟೋ ದಿನ ಅದು ಅಲ್ಲೇ ಇತ್ತು. ಉಗುರು ಬೆಳೆದಾಗ ಹುಡುಕುವ ಕಷ್ಟ ತಪ್ಪಿತು, ಅಷ್ಟೇ.

ಎರಡನೇ ಕ್ಲಾಸಿನಲ್ಲಿ ಅವಳ ಶಾಲೆಯಿಂದ ಪ್ರವಾಸ ಹೊರಟರು. ಒಂದೇ ದಿನದ್ದು, ಮೃಗಾಲಯ ನೋಡಿ ಸಂಜೆಗೆ ವಾಪಸ್ಸು. ಮಗಳು ವಾರಕ್ಕೆ ಮೊದಲೇ ಬ್ಯಾಗಿನಲ್ಲಿ ಬಿಸ್ಕೆಟ್ ಇಟ್ಟುಕೊಂಡಿದ್ದಳು. ಇವರೂ ಒಪ್ಪಿ ಸಹಿ ಹಾಕಿದ್ದರು. ಹೊರಡುವ ದಿನ ಬೆಳಿಗ್ಗೆ ಇವರ ಮುಖ ನೋಡಿದೊಡನೆ ಕನಸು ಬಿದ್ದಿದೆ ಎಂದು ತಿಳಿಯಿತು. ಆದರೂ ಇವರು ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಅರ್ಧ ಗಂಟೆಗೆ ಇಬ್ಬರೂ ವಾಪಸ್ಸು ಬಂದರು. ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಮಗಳು ಇವರಿಗೆ ನಗುತ್ತಾ ಟಾಟಾ ಮಾಡಿದಳಂತೆ. ಅಷ್ಟೇ. ಇವರು ಬಸ್ಸು ಹತ್ತಿ ಅವಳನ್ನು ಎತ್ತಿಕೊಂಡು ಇಳಿದುಬಿಟ್ಟಿದ್ದರು.

ಅವಳು ಅಳಲಿಲ್ಲ. ಶೂ ಬಿಚ್ಚಿ ಸಾಲಾಗಿ ಇಟ್ಟು, ಹೋಗಿ ಅಜ್ಜಿಯ ಮಂಚದ ಕೆಳಗೆ ಮಲಗಿದಳು. ಎರಡು ದಿನ ಅಪ್ಪನ ಹತ್ತಿರ ಮಾತಾಡಲಿಲ್ಲ. ಇವರು ಚಾಕಲೇಟು ತಂದರು, ಮೃಗಾಲಯಕ್ಕೆ ನಾವೇ ಹೋಗೋಣ ಎಂದರು. ಅವಳು ಬ್ಯಾಗಿನ ಬಿಸ್ಕೆಟನ್ನು ಕೋಳಿಗಳಿಗೆ ಹಾಕಿದಳು. ಇವರು ಅಂಗಳದ ಕಟ್ಟೆಯ ಮೇಲೆ ಕೂತು ಅದನ್ನು ನೋಡುತ್ತಿದ್ದರು. ಇಬ್ಬರಲ್ಲಿ ಯಾರನ್ನು ಮೊದಲು ಸಮಾಧಾನ ಮಾಡುವುದೆಂದು ನನಗೆ ತಿಳಿಯಲಿಲ್ಲ.

ಆಮೇಲೆ ಒಂದು ದಿನ ಕೆಲಸದಿಂದ ಬೇಗ ಬಂದರು. ಕೈಕಾಲು ತೊಳೆದು ನನ್ನ ಎದುರಿಗೆ ಕೂತು ಹೇಳಿದರು. "ಇವತ್ತು ಕ್ರೇನ್ ಅತ್ಲಿಲ್ಲ. ಕೆಳ್ಗಿನ ಕೆಲ್ಸ ಕೊಡಿ ಅಂತ ಕೇಳ್ಕೊಂಡೆ. ನಿದ್ದೆಗೆಟ್ಟು ಮೇಲೆ ಕೂತು ನೋಡುದ್ರೆ ಕೆಳ್ಗೆ ಓಡಾಡೋರೆಲ್ಲಾ ಅವ್ಳ ತರಾನೇ ಕಾಣ್ತಾರೆ. ಲಿವರ್ ಎಳ್ಯಾಕೆ ಮನ್ಸು ಬರಾಕಿಲ್ಲ."

"ಡಾಕ್ಟರ ಹತ್ರ ಹೋಗೋಣ" ಎಂದೆ. ಎಷ್ಟೋ ಸಲ ಹೇಳಿದ್ದ ಮಾತು. ಪ್ರತಿ ಸಲವೂ "ನಂಗೇನ್ ಉಚ್ಚಾ?" ಎನ್ನುತ್ತಿದ್ದರು. ಅವತ್ತು ಹಾಗೆನ್ನಲಿಲ್ಲ. "ನೀನೂ ಬತ್ತೀಯಾ?" ಎಂದರು.

ಬಂಗಾರಪೇಟೆಯಲ್ಲಿ ವಾರಕ್ಕೊಂದು ದಿನ ಬಂದು ಹೋಗುವ ಮನೋವೈದ್ಯೆಯೊಬ್ಬರಿದ್ದರು. ನನ್ನ ವಯಸ್ಸಿನವರೇ. ಇವರ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಚಿಕ್ಕಂದಿನಲ್ಲಿ ಎಲ್ಲಾದರೂ ಕಳೆದುಹೋಗಿದ್ದಿರಾ, ಹೆದರಿದ್ದಿರಾ ಎಂದು ಕೇಳಿದರು. ಇವರು ಇಲ್ಲವೆಂದರು. ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆಗೆ ಸಿಟ್ಟು ಬಂತು. "ನನ್ ಮಗನ್ನ ನಾನು ಎಲ್ಲಾದ್ರೂ ಬುಟ್ಟು ಬಂದಿದ್ನಾ? ಅಂಗಂತ ಯಾರ್ ಏಳುದ್ರು ಆಯಮ್ಮಂಗೆ?" ಎಂದು ಸಂಜೆಯವರೆಗೂ ಗೊಣಗಿದರು.

ಡಾಕ್ಟರು ನಿದ್ದೆಗೆ ಒಂದು ಸಣ್ಣ ಮಾತ್ರೆ ಬರೆದುಕೊಟ್ಟು, ಅದಕ್ಕಿಂತ ಮುಖ್ಯ ಇನ್ನೊಂದಿದೆ ಎಂದರು. ಒಳ್ಳೇ ಬೆಳಕಿರುವ ಹೊತ್ತಿನಲ್ಲಿ, ಎಚ್ಚರವಾಗಿದ್ದಾಗ, ಆ ಕನಸನ್ನು ಮೊದಲಿಂದ ಹೇಳಿಕೊಳ್ಳಬೇಕು. ಕೆಟ್ಟದ್ದು ಶುರುವಾಗುವ ಜಾಗಕ್ಕೆ ಬಂದಾಗ ಕಥೆಯನ್ನು ಬೇರೆ ಮಾಡಬೇಕು. ಹೇಗೆ ಬೇಕಾದರೂ ಆಗಬಹುದು, ಅದು ನಿಮ್ಮ ಕನಸು. ಆ ಹೊಸ ಕಥೆಯನ್ನು ದಿನಾ ಸ್ವಲ್ಪ ಹೊತ್ತು ಕಣ್ಣಿಗೆ ಕಟ್ಟುವ ಹಾಗೆ ನೆನೆಸಿಕೊಳ್ಳಬೇಕು. ಮನಸ್ಸಿಗೆ ಇನ್ನೊಂದು ದಾರಿ ರೂಢಿಯಾಗುತ್ತದೆ ಎಂದರು. ಹೊರಗೆ ಬಂದು ಇಬ್ಬರೂ ಪಾನಿಪೂರಿ ತಿಂದೆವು. ಇವರು ತಿನ್ನುತ್ತಾ, "ನಂಗೆ ಕಥೆ ಕಟ್ಟಾಕೆ ಎಲ್ಲಿ ಬತ್ತದೆ?" ಎಂದರು.

ನಿಜವಾಗಿಯೂ ಬರುತ್ತಿರಲಿಲ್ಲ. ಸಂಜೆ ಅಂಗಳದಲ್ಲಿ ಕೂತು ಶುರುಮಾಡುವರು. ನೀರಿಗೆ ಇಳಿದೆ. ಗಾಡಿ ಹೊರಟಿತು. ಅಲ್ಲಿಗೆ ಬಂದು ನಿಂತುಬಿಡುವರು.

"ಯಾರಾದರೂ ಚೈನ್ ಎಳೆದರು ಅನ್ನಿ" ಎಂದು ನಾನು ಹೇಳಿಕೊಟ್ಟೆ.

"ಸುಮ್‌ಸುಮ್ನೆ ಚೈನ್ ಎಳುದ್ರೆ ಪೊಲೀಸ್ನೋರು ಇಡ್ಕೊಂಡೋಗ್ತಾರೆ."

"ಹೋಗಲಿ, ನೀವು ಇಳಿಯಲೇ ಇಲ್ಲ ಅನ್ನಿ."

"ಪಾಪಂಗೆ ಬಾಯಾರ್ತಾ ಇರ್ತದಲ್ಲ."

ಒಂದು ದಿನ ಹೀಗೇ ಚೈನು, ಗಾರ್ಡು, ಸಿಗ್ನಲ್ಲು ಎಂದು ನಾವಿಬ್ಬರೂ ಪರದಾಡುತ್ತಿದ್ದಾಗ ಮಗಳು ಹಿಂದೆ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ ಗೊತ್ತಿಲ್ಲ. ಅವಳಿಗೆ ಇದನ್ನೆಲ್ಲ ಹೇಳಬಾರದು, ಹೆದರಿಕೊಂಡಾಳು ಎಂದು ನಾವು ಅಲ್ಲಿಯವರೆಗೆ ಮುಚ್ಚಿಟ್ಟಿದ್ದೆವು. ಅವಳು ಬಂದು ಅಪ್ಪನ ಪಕ್ಕದಲ್ಲಿ ಕೂತಳು.

"ನಾನು ಯಾವ ಕಡೆ ಕಿಟಕೀಲಿ ಕೂತಿದ್ದೆ?" ಎಂದು ಕೇಳಿದಳು.

ಇವರು ನನ್ನ ಮುಖ ನೋಡಿದರು. ಹೇಳಿ ಎಂದು ನಾನು ತಲೆಯಾಡಿಸಿದೆ. "ಪ್ಲಾಟ್‌ಫಾರಂ ಕಡೆ" ಎಂದರು.

"ಚಕ್ಲಿ ಇತ್ತಾ?"

"ಕನಸ್ನಾಗೆ ಚಕ್ಲಿ ನೋಡ್ಲಿಲ್ಲ."

"ಇತ್ತು ಅನ್ಕೋ. ಗಾಡಿ ಎಲ್ಲಿಗೆ ಹೋಗ್ತಾ ಇತ್ತು?"

"ಬೆಂಗ್ಳೂರಿಗೆ."

"ಅಂದ್ರೆ ಮುಂದಿನ ಸ್ಟೇಷನ್ ಟೇಕಲ್. ನಾನು ಟೇಕಲ್‌ನಲ್ಲಿ ಇಳೀತೀನಿ. ಅಲ್ಲಿ ಬೆಂಚ್ ಮೇಲೆ ಕೂತ್ಕೊಂಡು ಚಕ್ಲಿ ತಿಂತಾ ಇರ್ತೀನಿ. ನೀನು ಮುಂದಿನ ಗಾಡೀಲಿ ಬಾ."

"ಮುಂದಿನ್ ಗಾಡಿ ಲೇಟಾದ್ರೆ?"

"ಆದ್ರೆ ಆಗ್ಲಿ. ನಾನು ಎಲ್ಲೂ ಹೋಗಲ್ಲ. ನೀನೂ ಅಲ್ಲಿ ಇಲ್ಲಿ ಹುಡುಕ್ಬೇಡ. ಸೀದಾ ಟೇಕಲ್‌ಗೆ ಬಾ."

ನಮ್ಮ ಇಷ್ಟು ದಿನದ ಪರದಾಟ ಮುಗಿಯಿತು. ಇವರು ಆ ಕಥೆಯನ್ನು ಹಾಗೇ ಹಿಡಿದುಕೊಂಡರು. ದಿನಾ ಸಂಜೆ ಅಪ್ಪ ಮಗಳು ಕಟ್ಟೆಯ ಮೇಲೆ ಕೂತು ಅದನ್ನೇ ಹೇಳುವರು. ಅವಳು ದಿನಕ್ಕೊಂದು ಸೇರಿಸುವಳು. ಬೆಂಚಿನ ಕೆಳಗೆ ನಾಯಿಮರಿ ಇರುತ್ತದೆ. ಸ್ಟೇಷನ್ ಮಾಸ್ಟರು ಅವಳಿಗೆ ಹಸಿರು ಬಾವುಟ ಹಿಡಿಯಲು ಕೊಡುತ್ತಾರೆ. ಅತ್ತೆಯೂ ಸೊಪ್ಪು ಬಿಡಿಸುತ್ತಾ, "ಟೇಕಲ್ನಾಗೆ ಬಿಸ್ಲು ಜಾಸ್ತಿ, ಮಗೂಗೆ ತಲೇಮ್ಯಾಗೆ ಬಟ್ಟೆ ಆಕ್ಕೊಳಾಕೇಳು" ಎನ್ನುವರು.

ಕನಸು ಮಾತ್ರ ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ಒಂದು ಬೆಳಿಗ್ಗೆ ಇವರು ಎದ್ದು ಬಂದು ತಪ್ಪು ಮಾಡಿದವರ ಹಾಗೆ ನಿಂತರು. "ಬಂದಿತ್ತು. ಗಾಡಿ ಟೇಕಲ್ನಾಗೆ ನಿಲ್ಲಿಸ್ಲೇ ಇಲ್ಲ" ಎಂದರು. ಮಗಳಿಗೆ ಬೇಸರವಾಯಿತು. "ಪ್ಯಾಸೆಂಜರ್ ಗಾಡಿ ಅಪ್ಪ, ನಿಲ್ಲಿಸ್ಲೇಬೇಕು. ನೀನು ಸರಿಯಾಗಿ ನೋಡಿಲ್ಲ" ಎಂದಳು. ಆದರೂ ಕನಸಿನಿಂದ ಕನಸಿಗೆ ಅಂತರ ಹೆಚ್ಚುತ್ತಾ ಬಂತು. ಡಾಕ್ಟರು ಮಾತ್ರೆ ನಿಲ್ಲಿಸಿದರು. ಇವರು ಮತ್ತೆ ಕ್ರೇನ್ ಹತ್ತಿದರು.

ಇನ್ನು ಹೇಳಬೇಕಾದದ್ದು ಮಾಲೂರಿಗೆ ಹೊರಟ ದಿನದ್ದು. ಅಲ್ಲಿ ನನ್ನ ನಾದಿನಿಯ ಮಗುವಿಗೆ ನಾಮಕರಣ. ಮಗಳಿಗೆ ಆಗ ಎಂಟು ತುಂಬಿತ್ತು. ನಾವು ನಾಲ್ವರೂ ಉರಿಗಾಂನಿಂದ ಬಂಗಾರಪೇಟೆಗೆ ಬಂದಿಳಿದೆವು. ಅಲ್ಲಿಂದ ಬೇರೆ ಗಾಡಿ ಹಿಡಿಯಬೇಕಿತ್ತು. ಮದುವೆ ತಿಂಗಳು, ಸ್ಟೇಷನ್ ತುಂಬ ಜನ. ಒಂದು ಪ್ಲಾಟ್‌ಫಾರಮ್ಮಿನಲ್ಲಿ ಕಾಯುತ್ತಿದ್ದೆವು, ಗಾಡಿ ಇನ್ನೊಂದಕ್ಕೆ ಬರುತ್ತದೆಂದು ಕೊನೇ ಗಳಿಗೆಯಲ್ಲಿ ಕೂಗಿದರು. ಎಲ್ಲರೂ ಮೇಲ್ಸೇತುವೆ ಹತ್ತಿ ಓಡಿದರು. ಅತ್ತೆಗೆ ಮಂಡಿನೋವು, ಒಂದೊಂದೇ ಮೆಟ್ಟಿಲು. ಜೊತೆಗೆ ಇವರ ಫೋನನ್ನು ಕಿವಿಗೆ ಹಿಡಿದಿದ್ದರು. ಹೊರಟೆವು ಎಂದು ನನ್ನ ನಾದಿನಿಗೆ ಹೇಳುತ್ತಿದ್ದವರು ಇನ್ನೂ ಮುಗಿಸಿರಲಿಲ್ಲ.

"ನೀನು ಇವ್ರನ್ನ ಕರ್ಕೊಂಡು ನಿಧಾನಕ್ಕೆ ಬಾ, ನಾನೋಗಿ ಸೀಟು ಇಡೀತೀನಿ" ಎಂದು ಇವರು ಎರಡು ಚೀಲ ಹೊತ್ತು ಮುಂದೆ ಓಡಿದರು.

ನಾವು ಆ ಕಡೆಯ ಮೆಟ್ಟಿಲು ಇಳಿದು ಪ್ಲಾಟ್‌ಫಾರಂ ಮುಟ್ಟುವುದಕ್ಕೂ ಗಾಡಿ ಅಲುಗುವುದಕ್ಕೂ ಸರಿಹೋಯಿತು. ಇವರು ನಮ್ಮನ್ನು ಹುಡುಕುತ್ತಾ ಬಾಗಿಲಿಗೆ ಬಂದರು. ನಮ್ಮನ್ನು ಕಂಡರು. ಮುಖ ಸುಣ್ಣದ ಹಾಗಾಯಿತು. ಒಂದು ಕಾಲು ಹೊರಗೆ, ಮೆಟ್ಟಿಲ ಮೇಲೆ ಬಂತು. ಗಾಡಿ ಆಗಲೇ ವೇಗ ಹಿಡಿಯುತ್ತಿತ್ತು. ಧುಮುಕುತ್ತಾರೆ ಎಂದು ನನಗೆ ಖಾತ್ರಿಯಾಯಿತು.

ನನ್ನ ಕೈ ಹಿಡಿದಿದ್ದ ಮಗಳು ಕೂಗಿದಳು. "ಅಪ್ಪಾ, ಟೇಕಲ್‌ನಲ್ಲಿ ಇಳಿ. ಬೆಂಚ್ ಮೇಲೆ ಕೂತಿರು. ನಾವು ಬತ್ತೀವಿ."

ಅಷ್ಟು ಗದ್ದಲದಲ್ಲೂ ಅದು ಅವರಿಗೆ ಕೇಳಿಸಿತು. ಕಾಲು ಒಳಗೆ ಹೋಯಿತು. ಮಗಳು ಕೈ ಎತ್ತಿ ಬೀಸಿದಳು. ಇವರು ಕಂಬಿ ಹಿಡಿದು ನಿಂತು ನೋಡುತ್ತಲೇ ಇದ್ದರು. ಆಮೇಲೆ, ಬಾಗಿಲು ಚಿಕ್ಕದಾಗುತ್ತಾ ಹೋಗುವಾಗ, ಇವರ ಕೈಯೂ ಮೇಲೆದ್ದಿತು.

ಮುಂದಿನ ಗಾಡಿಗೆ ಒಂದು ಗಂಟೆಗೂ ಹೆಚ್ಚು ಹೊತ್ತಿತ್ತು. ಇವರ ಫೋನು ಅತ್ತೆಯ ಕೈಯಲ್ಲೇ ಉಳಿದಿದ್ದರಿಂದ ಇವರೊಡನೆ ಮಾತಾಡುವ ಹಾಗೂ ಇರಲಿಲ್ಲ. ಅತ್ತೆ ಅಲ್ಲೇ ನೆಲದ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಳ್ಳತೊಡಗಿದರು. "ನನ್ ಮಗ ಒಬ್ನೇ ಓಗ್ಬುಟ್ನಲ್ಲಾ" ಎಂದು ಅವರು ಅತ್ತದ್ದನ್ನು ಕೇಳಿ, ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ಗಾಬರಿಯಿಂದ ಎದ್ದು ಬಂದರು.

"ಮಗೂಗೆ ಎಷ್ಟು ವಯಸ್ಸಮ್ಮಾ?" ಎಂದು ನನ್ನನ್ನು ಕೇಳಿದರು.

"ನಲವತ್ತು" ಎಂದೆ.

ಆಕೆ ಅತ್ತೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ತೆಲುಗಿನಲ್ಲಿ ಏನೋ ಹೇಳಿಕೊಂಡು ನಕ್ಕು, ಅತ್ತೆಯ ಮುಡಿಗೆ ಒಂದು ಗೇಣು ಕನಕಾಂಬರ ಕೊಟ್ಟು ಹೋದರು. ಮಗಳು ಅಜ್ಜಿಯ ಬೆನ್ನು ಸವರುತ್ತಾ, "ಅಪ್ಪಂಗೆ ಗೊತ್ತೈತೆ ಅಜ್ಜಿ, ಎಲ್ಲಿ ಇಳೀಬೇಕು ಅಂತ" ಎನ್ನುತ್ತಿದ್ದಳು.

ನನಗೇ ಧೈರ್ಯವಿರಲಿಲ್ಲ. ಇವರು ನಿಂತಲ್ಲಿ ನಿಲ್ಲುವವರಲ್ಲ. ಟೇಕಲ್‌ನಲ್ಲಿ ಇಳಿದು, ಈ ಕಡೆಗೆ ಬರುವ ಯಾವುದಾದರೂ ಗಾಡಿ ಹತ್ತಿ ನಮ್ಮನ್ನು ಹುಡುಕಿಕೊಂಡು ವಾಪಸ್ಸು ಬಂದುಬಿಟ್ಟರೆ? ನಾವು ಆ ಕಡೆ, ಅವರು ಈ ಕಡೆ. ನಮ್ಮ ಗಾಡಿ ಬಂದು, ಹತ್ತಿ ಕೂತ ಮೇಲೂ ಎದುರು ಹಳಿಯಲ್ಲಿ ಹಾದುಹೋದ ಗಾಡಿಯ ಒಂದೊಂದು ಕಿಟಕಿಯನ್ನೂ ನೋಡಲು ಪ್ರಯತ್ನಿಸಿದೆ. ಮಗಳನ್ನು ಕೇಳಿಯೂ ಬಿಟ್ಟೆ, "ಅಪ್ಪ ವಾಪಸ್ ಬಂದಿದ್ರೆ?"

"ಬರಲ್ಲ. ಅಲ್ಲೇ ಇರೋದು ಅಂತ ಮಾತಾಗೈತೆ" ಎಂದಳು. ವ್ಯವಹಾರ ಮಾತಾಡಿ ಮುಗಿಸಿದ ದೊಡ್ಡವರ ಧಾಟಿ.

ಟೇಕಲ್ ಸಣ್ಣ ಸ್ಟೇಷನ್ನು. ಹಿಂದೆ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗಿರುವ ಬೆಟ್ಟ. ಗಾಡಿ ನಿಧಾನವಾಗುವಾಗ ಮಗಳು ಬಾಗಿಲಿಗೆ ಹೋಗದಂತೆ ಅವಳ ಫ್ರಾಕನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಇವರು ಬೆಂಚಿನ ಮೇಲೆ ಇದ್ದರು. ಎರಡೂ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಫೋಟೋಕ್ಕೆ ಕೂತವರ ಹಾಗೆ. ನೆರಳು ಆಗಲೇ ಪಕ್ಕದ ಬೆಂಚಿಗೆ ಸರಿದಿತ್ತು. ಇವರು ಮಾತ್ರ ಬಿಸಿಲಿನಲ್ಲಿದ್ದರು.

ಅದೇ ಗಾಡಿಗೆ ಹತ್ತಿಕೊಂಡರು. ಶರಟು ಬೆವರಿನಲ್ಲಿ ತೊಯ್ದಿತ್ತು.

"ಆ ನೆರ್ಳಾಗೆ ಕೂತ್ಕೊಳ್ಳಾಕೆ ಏನಾಗಿತ್ಲಾ?" ಎಂದು ಅತ್ತೆ ಗದರಿದರು.

"ಎದ್ದೋದ್ರೆ ಕಾಣಾಕಿಲ್ಲ ಅನ್ಕೊಂಡೆ" ಎಂದರು. ವಾಪಸ್ಸು ಬರುವ ಗಾಡಿಯೊಂದು ಬಂದಿತ್ತಂತೆ. ಒಮ್ಮೆ ಎದ್ದು ಅದರ ಬಾಗಿಲವರೆಗೂ ಹೋಗಿದ್ದರಂತೆ. ಮತ್ತೆ ಬಂದು ಕೂತರಂತೆ. ನೀರು ಕುಡಿಯಲೂ ಎದ್ದಿರಲಿಲ್ಲ.

ಮಗಳು ತನ್ನ ಬಾಟಲಿಯನ್ನು ಕೊಟ್ಟು, ಅವರು ಗಟಗಟ ಕುಡಿಯುವುದನ್ನು ನೋಡುತ್ತಾ ಕೇಳಿದಳು. "ನಿಂಗೆ ಭಯ ಆಯ್ತಾ ಅಪ್ಪ?"

"ಆಯ್ತು."

"ನಂಗಾಗ್ಲಿಲ್ಲ. ನೀನೆಲ್ಲಿದ್ದೀಯ ಅಂತ ಗೊತ್ತಿತ್ತಲ್ಲ."

ಇವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಮಾಲೂರು ಬರುವವರೆಗೂ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಎಂಟು ವರ್ಷದ, ಉದ್ದ ಕಾಲಿನ ಹುಡುಗಿ. ಅವಳಿಗೆ ಅದು ಅನುಕೂಲವಾಗಿಯೇನೂ ಇರಲಿಲ್ಲ. ಆದರೂ ಇಳಿಯಲಿಲ್ಲ. ನಾಮಕರಣದ ಮನೆಯಲ್ಲಿ ಅತ್ತೆ ಈ ಕಥೆಯನ್ನು ಬಂದವರಿಗೆಲ್ಲ ಹೇಳಿದರು. ಹೇಳುವಾಗ ಮಾತ್ರ, ತಾವು ಎಷ್ಟು ಧೈರ್ಯವಾಗಿದ್ದರು ಎಂಬುದೇ ಮುಖ್ಯವಾಯಿತು.

ಕೆಲವು ದಿನಗಳಾದ ಮೇಲೆ, ಅಂಗಳದಲ್ಲಿ ಬಟ್ಟೆ ಒಣಹಾಕುವಾಗ, ಇವರು ತಾವಾಗಿಯೇ ಆ ಮಾತೆತ್ತಿದರು. "ಗಾಡಿ ಒಳ್ಗಿದ್ದೋರಿಗೆ ಬೇರೆ ತರಾನೇ ಇರ್ತದೆ ಕಣೇ. ನಿಂತಿರೋರು ಚಿಕ್ಕೋರಾಗ್ತಾ ಓಗ್ತಾರೆ. ನಾನ್ಯಾಕೆ ಕೈ ಬೀಸ್ದೆ ಗೊತ್ತಾ? ಅವ್ಳು ಎದ್ರುಕೋಬಾರ್ದು ಅಂತ." ಬಕೆಟ್ಟಿನಿಂದ ಒಂದು ಟವಲು ತೆಗೆದು ನನಗೆ ಕೊಡುತ್ತಾ ಹೇಳಿದರು. "ಕನಸ್ನಾಗೆ ಅವ್ಳೂ ನಂಗೋಸ್ಕರಾನೇ ನಗ್ತಿದ್ಲೇನೋ." ನಾನು ಕೈಯಲ್ಲಿದ್ದ ಒದ್ದೆ ಟವಲನ್ನು ತಂತಿಯ ಮೇಲೆ ಹರಡಿ ಕ್ಲಿಪ್ಪು ಹಾಕಿದೆ.

ಆ ದಿನದಿಂದ ಕನಸು ನಿಂತುಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ವರ್ಷಕ್ಕೆ ಕೆಲವು ಸಲ ಬರುತ್ತದೆ. ಅವಳಿಗೆ ಜ್ವರ ಬಂದಾಗ, ಪರೀಕ್ಷೆ ಹತ್ತಿರವಾದಾಗ. ಇವರು ಬೆಳಿಗ್ಗೆ ಎದ್ದು "ಬಂದಿತ್ತು" ಎನ್ನುತ್ತಾರೆ, ಮಳೆ ಬಂದಿತ್ತು ಎಂದ ಹಾಗೆ. ಅವಳು ಜಡೆ ಹೆಣೆದುಕೊಳ್ಳುತ್ತಾ "ನಾನು ಇಳಿದ್ನಾ?" ಎಂದು ಕೇಳುತ್ತಾಳೆ. ಕೆಲವು ಸಲ ಇಳಿದಿರುತ್ತಾಳೆ, ಕೆಲವು ಸಲ ಇಲ್ಲ. ಇವರು ಟೀ ಕುಡಿದು ಕೆಲಸಕ್ಕೆ ಹೋಗುತ್ತಾರೆ. ಅವಳ ಸ್ಕೂಲಿಗೆ ಫೋನು ಮಾಡಿ ಎಷ್ಟೋ ಕಾಲವಾಯಿತು.

ಈಗ ಅವಳು ಎಂಟನೇ ಕ್ಲಾಸು. ನನ್ನ ಜೊತೆಗೇ ರೈಲಿನಲ್ಲಿ ಬಂಗಾರಪೇಟೆಗೆ ಬರುತ್ತಾಳೆ. ಆದರೆ ನನ್ನ ಬೋಗಿಯಲ್ಲಲ್ಲ, ಗೆಳತಿಯರ ಜೊತೆ ಬೇರೆ ಬೋಗಿಯಲ್ಲಿ. ಖೋಖೋ ತಂಡದಲ್ಲಿದ್ದಾಳೆ. ಈ ವರ್ಷ ಜಿಲ್ಲಾ ಮಟ್ಟದ ಆಟಕ್ಕೆ ಕೋಲಾರದಲ್ಲಿ ಎರಡು ದಿನ ಉಳಿಯಬೇಕಾಗಿ ಬಂತು. ಇವರೇ ಬ್ಯಾಗು ತುಂಬಿಕೊಟ್ಟರು, ವ್ಯಾನು ಹತ್ತಿಸಿ, ಅದು ತಿರುವು ದಾಟುವವರೆಗೆ ನಿಂತಿದ್ದು ಮನೆಗೆ ಬಂದರು. ಸಂಜೆ ಚೆನ್ನಾಗಿ ಊಟ ಮಾಡಿ ಮಲಗಿದರು.

ಮರುದಿನ ಬೆಳಗಿನ ಜಾವ ನನಗೇ ಒಂದು ಕನಸು ಬಿತ್ತು. ಒಂದು ಬಾವಿ, ಅದರ ಕಟ್ಟೆಯ ಮೇಲೆ ಅವಳು ಓಡುತ್ತಿದ್ದಾಳೆ, ನಾನು ಕೂಗುತ್ತಿದ್ದೇನೆ, ಅವಳು ಕೇಳಿಸಿಕೊಳ್ಳುತ್ತಿಲ್ಲ. ಎದ್ದ ಮೇಲೂ ಆ ಬಾವಿ ಕಣ್ಣಿನಿಂದ ಹೋಗಲಿಲ್ಲ. ಮಕ್ಕಳಿಗೆ ಮೆದುಳಿನ ಪಾಠ ಮಾಡುವವಳು ನಾನು, ಹೇಳಿಕೊಳ್ಳಲು ನಾಚಿಕೆ. ಕೋಳಿಗೆ ಕಾಳು ಹಾಕುವ ನೆಪದಲ್ಲಿ ಅಂಗಳದಲ್ಲಿ ನಿಂತೆ. ಇವರು ನೋಡಿಯೇ ಕಂಡುಹಿಡಿದರು.

"ನಿಂಗೂ ಬಂತಾ?" ಎಂದರು.

ಹೂಂ ಎಂದೆ.

"ಮೊದ್ಲು ನೀರು ಕುಡಿ. ಆಮ್ಯಾಕೆ ಏಳು" ಎಂದರು. ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಬಾವಿಯ ಕನಸನ್ನು ಹೇಳಿದೆ. "ಅವ್ಳು ಬಿದ್ಲಾ?"

"ಇಲ್ಲ. ಅಷ್ಟರಲ್ಲಿ ಎಚ್ಚರವಾಯ್ತು."

"ಬಾವೀಲಿ ನೀರಿತ್ತಾ?"

"ನೋಡಲಿಲ್ಲ."

"ಖೋಖೋ ಆಡೋಳು, ಕಟ್ಟೆಮ್ಯಾಗೆ ಓಡುದ್ರೂ ಬೀಳಾಕಿಲ್ಲ ಬುಡು" ಎಂದು ಪಕ್ಕದಲ್ಲಿ ಕೂತರು. ಬಾವಿಗೆ ಕಬ್ಬಿಣದ ಜಾಲರಿ ಹಾಕಿಸೋಣ ಎಂದರು. ಕ್ರೇನ್ ಓಡಿಸುವವರ ಬುದ್ಧಿ. ಎಷ್ಟು ದಪ್ಪದ ಸರಳು, ಎಷ್ಟು ಅಗಲದ ಚೌಕಟ್ಟು, ಅದನ್ನು ಹೇಗೆ ಎತ್ತಿ ಕೂರಿಸುವುದು, ಎಲ್ಲ ಬಿಡಿಸಿ ಬಿಡಿಸಿ ಹೇಳಿದರು. ಕಥೆ ಕಟ್ಟಲು ಬರುವುದಿಲ್ಲ ಎನ್ನುತ್ತಿದ್ದ ಮನುಷ್ಯ. ಚೌಕಟ್ಟಿಗೆ ಬಣ್ಣ ಬಳಿಯುವ ಹೊತ್ತಿಗೆ ನನಗೆ ನಗು ಬಂದಿತ್ತು. ಅತ್ತೆ ಒಳಗಿನಿಂದಲೇ, ಮೆಣಸಿನಕಾಯಿ ತರಲೇ ಎಂದು ಕೇಳಿದರು. ಇಬ್ಬರೂ ಒಟ್ಟಿಗೆ ಬೇಡವೆಂದೆವು.

ಮಾರನೆಯ ದಿನ ಸಂಜೆ ಮಗಳು ಬಂದಳು. ತಂಡ ಸೆಮಿಫೈನಲ್ಲಿನಲ್ಲಿ ಸೋತಿತ್ತು. ಮೊಣಕಾಲು ತರಚಿತ್ತು, ಹಸಿವೆಯೋ ಹಸಿವೆ. ಮುದ್ದೆಯನ್ನು ಸಾರಿನಲ್ಲಿ ಅದ್ದುತ್ತಾ, ಎಂದಿನ ಹಾಗೆ ಅಪ್ಪನ ಮುಖ ನೋಡಿ, "ಬಂದಿತ್ತಾ?" ಎಂದಳು.

"ನಂಗಲ್ಲ. ನಿಮ್ಮಮ್ಮಂಗೆ" ಎಂದರು ಇವರು.

ಅವಳು ತುತ್ತು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ನನ್ನನ್ನು ನೋಡಿದಳು. "ಅಮ್ಮಾ, ನೀನೂನಾ?" ಎಂದು ನಗತೊಡಗಿದವಳು ನೆತ್ತಿಗೆ ಹತ್ತಿ ಕೆಮ್ಮುವವರೆಗೂ ನಿಲ್ಲಿಸಲಿಲ್ಲ. ಅತ್ತೆ ಅವಳ ತಲೆ ತಟ್ಟಿದರು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.